ಮೀನಾಕ್ಷಿಯ ಕಂಪ್ಯೂಟರು ಅವಿನಾಶಿಗೆ ಹೋದದ್ದು

ನಾನು ಏನು ಕೆಲಸ ಮಾಡುತ್ತಿದ್ದೆ ಎಂದು ನನ್ನ ಸ್ವಂತ ತಂಗಿಯನ್ನು ಕೇಳಿ ನೋಡಿ. "ನಮ್ಮಕ್ಕ ಕೊಯಮತ್ತೂರಲ್ಲಿ ಟಿ.ವಿ. ರಿಪೇರಿ ಮಾಡ್ತಿದ್ಲು" ಎನ್ನುತ್ತಾಳೆ. ತಿದ್ದಿ ತಿದ್ದಿ ಸಾಕಾಗಿ ಬಿಟ್ಟುಬಿಟ್ಟಿದ್ದೇನೆ. ನಿಜವಾಗಿ ನಾನು ಮಾಡುತ್ತಿದ್ದದ್ದು ಹುಡುಕುವ ಕೆಲಸ. ಯಾರಿಗೂ ಬೇಡವಾದ ಹಳೆಯ ಕಂಪ್ಯೂಟರುಗಳಿಗೆ, ಯಾರೂ ಮಾರದ ಹಳೆಯ ತಂತ್ರಾಂಶಗಳನ್ನು ಹುಡುಕಿ ತಂದುಕೊಡುವುದು. ಇಂಥದ್ದಕ್ಕೂ ಒಂದು ಸಂಬಳ ಕೊಡುತ್ತಾರೆಯೇ ಎಂದು ನೀವು ಕೇಳಿದರೆ ತಪ್ಪಿಲ್ಲ. ನಮ್ಮ ಮ್ಯಾನೇಜರು ನಟರಾಜನ್ ಸಾರ್ ಕೂಡ ಅದನ್ನೇ ಕೇಳುತ್ತಿದ್ದರು.

ನಾನು ಕೊಳ್ಳೇಗಾಲದವಳು. ಡಿಪ್ಲೊಮಾ ಮುಗಿಸಿದ್ದೆ, ಮದುವೆಯಾಗಿ ಕೊಯಮತ್ತೂರಿನ ಪಕ್ಕದ ಮದುಕ್ಕರೈಗೆ ಬಂದೆ. ಅಲ್ಲಿ ಮನೆಯಲ್ಲಿ ಕೂತು, ಕಾರ್ಖಾನೆಯಿಂದ ಹಾರಿ ಬಂದು ಕಿಟಕಿಗೆ ಕೂರುವ ಸಿಮೆಂಟು ಧೂಳು ಒರೆಸುವುದಕ್ಕಿಂತ ಕೆಲಸವೇ ವಾಸಿ ಎಂದು ಗಾಂಧಿಪುರದ ಒಂದು ಕಂಪ್ಯೂಟರ್ ಸಂಸ್ಥೆಗೆ ಸೇರಿದೆ. ಸ್ಕ್ರೂಡ್ರೈವರುಗಳನ್ನು ವ್ಯಾನಿಟಿ ಬ್ಯಾಗಿನಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತಿರುಪ್ಪೂರು, ಅವಿನಾಶಿ, ಪೊಳ್ಳಾಚಿ ಸುತ್ತುವುದು ನನ್ನ ದಿನಚರಿ. ಬಾಗಿಲು ತೆರೆದವರು ನನ್ನ ಹಿಂದೆ ಇಣುಕಿ ನೋಡುತ್ತಿದ್ದರು, ಎಂಜಿನಿಯರು ಎಲ್ಲಿ ಎಂದು. "ನಾನೇ, ದಾರಿ ಬಿಡಿ" ಎಂದು ಒಳಗೆ ಹೋಗುವುದನ್ನು ಬೇಗ ಕಲಿತೆ. ಈ ಕೆಲಸಕ್ಕೆ ಬರುವ ಹೆಣ್ಣುಮಕ್ಕಳು ನೀವೂ ಕಲಿಯಿರಿ.

ನಟರಾಜನ್ ಸಾರ್ ಕೆಟ್ಟವರಲ್ಲ. "ಹಳೇದನ್ನ ತಲೆಗೆ ಸುತ್ತಿಕೊಂಡು ಯಾಕಮ್ಮಾ ಒದ್ದಾಡ್ತೀಯಾ? ಹೊಸದು ತಗೊಳ್ಳಕ್ಕೆ ಹೇಳು" ಎನ್ನುತ್ತಿದ್ದರು. ಅವರು ಹೇಳುವುದರಲ್ಲೂ ಅರ್ಥವಿತ್ತು. ಆದರೆ ಈ ಸೀಮೆಯಲ್ಲಿ ಕಂಪ್ಯೂಟರು ಒಂಟಿಯಾಗಿ ಇರುವುದಿಲ್ಲ. ಅದರ ಬಾಲಕ್ಕೆ ಒಂದು ಕಸೂತಿ ಯಂತ್ರವೋ, ಬಟ್ಟೆ ಕತ್ತರಿಸುವ ಯಂತ್ರವೋ ಕಟ್ಟಿರುತ್ತದೆ. ಆ ದೊಡ್ಡ ಯಂತ್ರ ಗಟ್ಟಿಮುಟ್ಟಾಗಿ ಇನ್ನೊಂದು ತಲೆಮಾರು ಓಡುತ್ತದೆ, ಆದರೆ ಅದಕ್ಕೆ ಅರ್ಥವಾಗುವುದು ಹಳೆಯ ಕಂಪ್ಯೂಟರಿನ ಮಾತು ಮಾತ್ರ. ಕಂಪ್ಯೂಟರು ಹೊಸದಾದ ದಿನ ದೊಡ್ಡ ಯಂತ್ರ ಮೂಕವಾಗುತ್ತದೆ. ಆಗ ನಮಗೆ ಫೋನು ಬರುತ್ತದೆ.

ಇಂಥ ಹೊತ್ತಿನಲ್ಲಿ ಹೊಸಬರು ಮಾಡುವ ಮೊದಲ ತಪ್ಪು ಅವಸರ. ನಮ್ಮಲ್ಲಿ ಒಬ್ಬ ಸಹೋದ್ಯೋಗಿ ಇದ್ದ, ಬಲು ಚುರುಕು. ತಿರುಪ್ಪೂರಿನ ಒಂದು ಬನಿಯನ್ ಕಂಪನಿಯ ಹಳೆಯ ಪ್ರಿಂಟರಿಗೆ ಡ್ರೈವರು ಬೇಕಾಗಿತ್ತು. ಡ್ರೈವರು ಎಂದರೆ ಕಂಪ್ಯೂಟರಿಗೂ ಪ್ರಿಂಟರಿಗೂ ನಡುವೆ ನಿಂತು ಮಾತಾಡಿಸುವ ಪುಟ್ಟ ತಂತ್ರಾಂಶ. ಈ ಪುಣ್ಯಾತ್ಮ ಪ್ರಿಂಟರಿನ ಹೆಸರನ್ನು ಅಂತರ್ಜಾಲದಲ್ಲಿ ಹಾಕಿ, ಮೊದಲು ಬಂದದ್ದನ್ನು ಇಳಿಸಿ, ನಟರಾಜನ್ ಸಾರ್ ಅವರ ಕಂಪ್ಯೂಟರಿನಲ್ಲೇ ಪರೀಕ್ಷೆ ಮಾಡಿದ. ಅದು ಡ್ರೈವರೇ ಅಲ್ಲ, ಅದರ ವೇಷ ಹಾಕಿದ ವೈರಸ್ಸು. ಆ ವಾರವೆಲ್ಲ ನಟರಾಜನ್ ಸಾರ್ ಪರದೆ ತೆರೆದರೆ ತೂಕ ಇಳಿಸುವ ಔಷಧಿಯ ಜಾಹೀರಾತು. ಅವರ ಹೊಟ್ಟೆಯ ಗಾತ್ರ ಗೊತ್ತಿದ್ದ ನಾವೆಲ್ಲ ನಗು ತಡೆಯಲಾರದೆ ಕ್ಯಾಂಟೀನಿಗೆ ಓಡುತ್ತಿದ್ದೆವು. ಆದ್ದರಿಂದ ಹೇಳುತ್ತೇನೆ, ಹುಡುಕುವ ಮುಂಚೆ ಯಂತ್ರದ ಹೊಟ್ಟೆ ತೆರೆದು ನೋಡಿ. ಹೊರಗಿನ ಹೆಸರು ಅಂಗಡಿಯವನು ಅಂಟಿಸಿದ್ದು. ಒಳಗಿನ ಚಿಪ್ ಮೇಲೆ ಕೊರೆದ ಹೆಸರನ್ನು ಬರೆದುಕೊಂಡು ಅದನ್ನು ಹುಡುಕಿ.

ಎರಡನೆಯ ಮಾತು, ಡ್ರೈವರ್ ಸಿ.ಡಿ. ಎಲ್ಲಿದೆ ಎಂದು ಗಂಡಸರನ್ನು ಕೇಳಬೇಡಿ. "ಅದೆಲ್ಲ ಆಗಲೇ ಕಳೆದುಹೋಯ್ತು" ಎಂದು ಕೈ ಆಡಿಸಿಬಿಡುತ್ತಾರೆ. ಮನೆಯ ಹೆಂಗಸರನ್ನು ಕೇಳಿ. ಯಂತ್ರ ಮನೆಗೆ ಬಂದ ದಿನ ಅದರ ಜೊತೆ ಬಂದ ಸಿ.ಡಿ.ಗೆ ಅರಿಶಿನ ಕುಂಕುಮ ಹಚ್ಚಿ, ಬೀರುವಿನಲ್ಲಿ ರೇಷ್ಮೆ ಸೀರೆಯ ಮಡಿಕೆಯಲ್ಲಿ ಇಟ್ಟಿರುತ್ತಾರೆ. ನುಸಿಗುಳಿಗೆಯ ವಾಸನೆ ಹೊಡೆಯುವ ಎಷ್ಟೋ ಸಿ.ಡಿ.ಗಳಿಂದ ನಾನು ಎಷ್ಟೋ ಕಾರ್ಖಾನೆಗಳನ್ನು ಎಬ್ಬಿಸಿದ್ದೇನೆ.

ಇನ್ನು ಆಯುಧ ಪೂಜೆ. ಅಯ್ಯಪ್ಪಾ, ಆ ಹಬ್ಬದ ಮರುದಿನ ನಮಗೆ ಬರುತ್ತಿದ್ದಷ್ಟು ಫೋನು ವರ್ಷದಲ್ಲಿ ಇನ್ಯಾವ ದಿನವೂ ಬರುತ್ತಿರಲಿಲ್ಲ. ಪರದೆಗೆ ಮೂರು ಪಟ್ಟೆ ವಿಭೂತಿ ಎಳೆದರೆ ಒರೆಸಿಕೊಳ್ಳಬಹುದು. ಫ್ಲಾಪಿ ತೂರಿಸುವ ಸೀಳಿಗೆ ಗಂಧ ಮೆತ್ತಿದರೆ ಏನು ಮಾಡುವುದು? ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಹಳೆಯ ಕಂಪ್ಯೂಟರು ಆರಿಸಿದರೆ ಮತ್ತೆ ಏಳುವುದೋ ಇಲ್ಲವೋ ಎಂಬ ಹೆದರಿಕೆಯಿಂದ ವರ್ಷವೆಲ್ಲ ಅದನ್ನು ಆರಿಸದೇ ಇಡುತ್ತಾರೆ. ಆದರೆ ಪೂಜೆಯ ದಿನ ಆಯುಧಕ್ಕೆ ವಿಶ್ರಾಂತಿ ಕೊಡಲೇಬೇಕಲ್ಲ, ಅಂದು ಆರಿಸುತ್ತಾರೆ. ಒಳಗಿನ ಬಿಲ್ಲೆಯಂಥ ಪುಟ್ಟ ಬ್ಯಾಟರಿ ಯಾವ ಕಾಲದಲ್ಲೋ ಸತ್ತಿರುತ್ತದೆ. ಮರುದಿನ ಬೆಳಿಗ್ಗೆ ಪುರಿ, ಕಡಲೆ ಹಂಚಿ ಸ್ವಿಚ್ ಹಾಕಿದರೆ ಕಂಪ್ಯೂಟರಿಗೆ ತನ್ನ ಹೊಟ್ಟೆಯಲ್ಲಿ ಏನಿದೆ ಎಂಬುದೇ ಮರೆತುಹೋಗಿರುತ್ತದೆ.

ಪೊಳ್ಳಾಚಿ ಬಳಿಯ ನೆಗಮಂನಲ್ಲಿ ಸೌಡಮ್ಮ ಎಂಬುವರ ಮನೆಗೆ ನಾನು ಮೊದಲು ಹೋದದ್ದು ಅಂಥ ಒಂದು ಮರುದಿನವೇ. ಅದು ನನ್ನ ನಿವೃತ್ತಿಗೆ ಮುಂಚಿನ ಕೊನೆಯ ವರ್ಷ.

ಸೌಡಮ್ಮನವರದು ತಲೆಮಾರುಗಳಿಂದ ಅಲ್ಲೇ ನೆಲೆಸಿರುವ ಕನ್ನಡದ ನೇಕಾರರ ಮನೆ. ಮನೆಮಾತು ಕನ್ನಡ, ಅಂಗಳ ದಾಟಿದರೆ ತಮಿಳು. ನಾನು ಕನ್ನಡದಲ್ಲಿ ಮಾತಾಡಿದ್ದು ಕೇಳಿ ಆ ಮುದುಕಿ ಗಲ್ಲಕ್ಕೆ ಕೈ ಕೊಟ್ಟುಕೊಂಡು ನೋಡಿದರು. "ಅಮ್ಮಣಿ, ನಿನ್ ಕನ್ನಡ ರೇಡಿಯೋದಾಗೆ ಬಂದಂಗ್ ಇದೆ. ನಂಗೆ ನಿಮ್ ಎಳುತ್ತು ಓದಕ್ ವರಲ್ಲ, ಆನಾ ಕೇಳಕ್ ಚೆನ್ನಾಗಿದೆ" ಎಂದರು. ಆಮೇಲೆ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಕಾಫಿ ತರಲು ಹೋದರು.

ಆ ಬೀದಿಯ ಮಗ್ಗಗಳಿಗೆಲ್ಲ ಸೀರೆಯ ಅಂಚಿನ ವಿನ್ಯಾಸ ಹೋಗುತ್ತಿದ್ದದ್ದು ಆ ಒಂದು ಕಂಪ್ಯೂಟರಿನಿಂದ. ಅದರಲ್ಲಿ ಬರೆದ ಚಿತ್ರಕ್ಕೆ ತಕ್ಕಂತೆ ಪಕ್ಕದ ಯಂತ್ರ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಯುತ್ತದೆ. ಆ ಪಟ್ಟಿಗಳ ಸರಪಳಿ ಮಗ್ಗದ ಮೇಲೆ ಏರುತ್ತದೆ, ಯಾವ ಎಳೆ ಮೇಲೇಳಬೇಕೆಂದು ತೂತುಗಳು ತೀರ್ಮಾನಿಸುತ್ತವೆ. ಅವರ ಮಾತಿನಲ್ಲಿ ಅದಕ್ಕೆ ಅಟ್ಟೆ. ಚಿತ್ರ ಬರೆಯುತ್ತಿದ್ದವಳು ಸೊಸೆ ಮೀನಾಕ್ಷಿ. ನಲವತ್ತು ದಾಟಿದ ಹೆಂಗಸು, ಮಾತು ಕಡಿಮೆ, ಬೆರಳು ಚುರುಕು. ಅವಳಲ್ಲದೆ ಇನ್ಯಾರಿಗೂ ಆ ತಂತ್ರಾಂಶ ಬಾರದು. ಅದನ್ನು ಮಾಡಿ ಮಾರಿದ ಕಂಪನಿ ಮುಚ್ಚಿ ಯಾವ ಕಾಲವೋ ಆಗಿತ್ತು.

ಬ್ಯಾಟರಿ ಬದಲಾಯಿಸಿ, ಡಿಸ್ಕಿನ ವಿವರಗಳನ್ನು ಕೈಯಾರೆ ತುಂಬಿ, ಕಂಪ್ಯೂಟರನ್ನು ಎಬ್ಬಿಸಿದೆ. ಸೌಡಮ್ಮ ಪರದೆಗೆ ಕೈ ಮುಗಿದರು. ನನಗೆ ಬಹಳ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಚಪ್ಪಲಿ ಹಾಕಿಕೊಳ್ಳುವಾಗ ಮೀನಾಕ್ಷಿ ಅಂಗಳದವರೆಗೂ ಬಂದಳು.

"ಮೇಡಂ, ಇದ್ನ ತೂಕ್ಕೊಂಡು, ಎತ್ಕೊಂಡು ಓಗಂಗ್ ಮಾಡಕ್ ಆಗುತ್ತಾ?" ಎಂದಳು ಮೆಲ್ಲಗೆ.

"ಎಲ್ಲಿಗಮ್ಮಾ?"

"ಅವಿನಾಶಿಗೆ. ನಮ್ಮವ್ವ ಬಿದ್ದು ಸೊಂಟ ಮುರ್ಕಂಡವ್ಳೆ. ಅಣ್ಣ ಮಗ್ಗ ನೋಡ್ತಾನೆ, ಅತ್ತಿಗೆ ಬನಿಯನ್ ಕಂಪನಿಗೆ ವೇಲೆಗೋಗ್ತಾಳೆ. ಪಗಲೆಲ್ಲ ಒಂದ್ ಲೋಟ ತಣ್ಣಿ ಕೊಡಕ್ ಆಳಿಲ್ಲ. ನಾನೋಗಿ ಒಂದ್ ತಿಂಗ್ಳಾದ್ರೂ ಇರ್ಬೇಕು." ಒಳಗೆ ಅತ್ತೆ ಇದ್ದ ಕಡೆ ಒಮ್ಮೆ ನೋಡಿದಳು. "ಒಂದ್ ದಿನ ಓಗಿದ್ದೆ. ಸಾಯಂಕಾಲ ಬಸ್ಸಿಗೇ ತಿರುಗಿ ಬಂದೆ. ನಾನಿಲ್ದಿದ್ರೆ ಅಟ್ಟೆ ಇಲ್ಲ, ಅಟ್ಟೆ ಇಲ್ದಿದ್ರೆ ಬೀದಿ ಮಗ್ಗ ನಿಲ್ಲುತ್ತೆ ಅಂತ ಅತ್ತೆ."

ಒಳಗಿನಿಂದ ಸೌಡಮ್ಮನವರ ದನಿ ಬಂತು. ಅವರ ಕಿವಿ ಬಲು ಚೆನ್ನಾಗಿತ್ತು. "ನಾನೇನ್ ಓಗ್ಬೇಡ ಅಂದ್ನಾ? ಮಿಷಿನ್ ಅವ್ಳ್ ಕೂಡ ಓಗಂಗಿದ್ರೆ ಓಗ್ಲಿ. ದೀಪಾವಳಿ ಆರ್ಡರ್ ಕೈಲಿ ವೆಚ್ಕೊಂಡು ಸುಮ್ನೆ ಕಳ್ಸಕ್ ಆಗುತ್ತಾ, ಅಮ್ಮಣಿ? ನೀನೇ ಸೊಲ್ಲು."

ನೋಡ್ತೀನಿ ಎಂದಷ್ಟೇ ಹೇಳಿ ಹೊರಟೆ. ಆ ಭಾರದ ಡಬ್ಬಿ, ಅದರ ಬೆನ್ನಿಗೆ ಚುಚ್ಚಿದ ಹೆಬ್ಬೆರಳು ಗಾತ್ರದ ಬೀಗ, ಎರಡನ್ನೂ ಆಗಲೇ ನೋಡಿದ್ದೆ. ಆ ಬೀಗ ಕಂಪ್ಯೂಟರಿಗೆ ಚುಚ್ಚಿದ್ದರೆ ಮಾತ್ರ ತಂತ್ರಾಂಶ ತೆರೆಯುತ್ತದೆ. ಯಾರೂ ನಕಲು ಮಾಡಬಾರದೆಂದು ಕಂಪನಿ ಮಾಡಿದ ಉಪಾಯ ಅದು. ಈಗಿನ ಲ್ಯಾಪ್‌ಟಾಪುಗಳಿಗೆ ಆ ಬೀಗ ಚುಚ್ಚುವ ಕಿಂಡಿಯೇ ಇಲ್ಲ. ಬಸ್ಸಿನಲ್ಲಿ ಕೂತ ಮೇಲೂ ಮೀನಾಕ್ಷಿಯ ಆ ಮೆಲ್ಲನೆಯ ದನಿ ಕಿವಿಯಲ್ಲೇ ಇತ್ತು. ನನ್ನ ತಾಯಿಯ ಪ್ರಾಣ ಹೋಗುವಾಗ ನಾನು ಪಕ್ಕದಲ್ಲಿದ್ದೆ. ಆ ಭಾಗ್ಯ ಎಂಥದ್ದೆಂದು ನನಗೆ ಗೊತ್ತು.

ಮರುದಿನ ನಟರಾಜನ್ ಸಾರ್ ಎದುರು ನಿಂತೆ. ಹೊಸದು ಮಾರು ಎನ್ನುತ್ತಾರೆಂದು ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಅವರು ಕೇಳಿಸಿಕೊಂಡು, ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. "ಆ ಸಾಫ್ಟ್‌ವೇರ್ ಬರೆದವನು ಬಾಲು. ಈಗ ಪೋತ್ತನೂರಿನಲ್ಲಿ ಬೇಕರಿ ಇಟ್ಟಿದ್ದಾನೆ. ಅವನ ತೇಂಗಾಯ್ ಬನ್ನು ಚೆನ್ನಾಗಿರುತ್ತೆ, ನನಗೂ ತಗೊಂಡು ಬಾ" ಎಂದರು. ಮನುಷ್ಯರ ಬಗ್ಗೆ ಮೊದಲೇ ತೀರ್ಮಾನ ಮಾಡಬಾರದು ಎಂದು ಅಂದುಕೊಂಡೆ, ಅದೂ ನಿವೃತ್ತಿಯ ಹೊಸ್ತಿಲಲ್ಲಿ.

ಬಾಲು ಮೈದಾ ಕೈಯನ್ನು ಒರೆಸಿಕೊಳ್ಳುತ್ತ ಹೊರಗೆ ಬಂದರು. ನಾನು ತಂತ್ರಾಂಶದ ಹೆಸರು ಹೇಳಿದ್ದೇ ತಡ, ಒರೆಸುವುದನ್ನು ನಿಲ್ಲಿಸಿದರು. "ಅದು ಇನ್ನೂ ಓಡ್ತಾ ಇದೆಯಾ?" ಎಂದು ತಮಿಳಿನಲ್ಲಿ ಕೇಳಿದರು. ಇದೆ ಎಂದೆ. ಯಾರು ಓಡಿಸುತ್ತಾರೆ, ಏನು ಬರೆಯುತ್ತಾರೆ, ಅಂಚಿನ ಮೂಲೆ ತಿರುಗಿಸುವಾಗ ಈಗಲೂ ಒಂದು ಚುಕ್ಕಿ ಹೆಚ್ಚು ಬೀಳುತ್ತದೆಯೇ, ಎಲ್ಲ ಕೇಳಿದರು. ಬೀಳುತ್ತದಂತೆ, ಮೀನಾಕ್ಷಿ ಪ್ರತಿ ಸಲ ಕೈಯಲ್ಲಿ ಅಳಿಸುತ್ತಾಳಂತೆ ಎಂದೆ. "ಅಯ್ಯೋ ಪಾಪವೇ, ಅದನ್ನ ಸರಿ ಮಾಡಬೇಕು ಅಂತ ಇದ್ದೆ, ಅಷ್ಟರಲ್ಲಿ ಕಂಪನಿಯೇ ಮುಚ್ಚಿಹೋಯ್ತು" ಎಂದು ಹಣೆ ಚಚ್ಚಿಕೊಂಡರು.

ಬೀಗ ಬಿಡಿಸುವ ದಾರಿ ಕೇಳಿದೆ. ತನ್ನ ಬಳಿ ಏನೂ ಉಳಿದಿಲ್ಲ, ಎಲ್ಲ ಕಳೆದುಹೋಯಿತು ಎಂದರು. ಇಷ್ಟು ವರ್ಷ ನಾನು ಬಸ್ಸು ಸುತ್ತಿದ್ದು ಸುಮ್ಮನೆಯೇ? ಅವರ ಹೆಂಡತಿಯ ಕಡೆ ತಿರುಗಿದೆ. ಆಕೆ ಒಳಗೆ ಹೋಗಿ, ಬೀರು ತೆರೆದು, ಮದುವೆ ಸೀರೆಯ ಅಡಿಯಿಂದ ಒಂದು ಸಿ.ಡಿ. ತಂದುಕೊಟ್ಟರು. ವಸ್ತುಪ್ರದರ್ಶನದಲ್ಲಿ ಗಿರಾಕಿಗಳಿಗೆ ತೋರಿಸಲು ಬಾಲು ಮಾಡಿದ್ದ ಪ್ರತಿ ಅದು, ಬೀಗವಿಲ್ಲದ್ದು. "ಯಾರಿಗೆ ಬೇಕಾದರೂ ಕೊಡಿ ಮೇಡಂ, ನನ್ನ ಒಪ್ಪಿಗೆ ಇದೆ" ಎಂದು ಬಾಲು ಕೈಬರಹದಲ್ಲಿ ಬರೆದೂ ಕೊಟ್ಟರು. ಬರೆದವನು ಬದುಕಿದ್ದರೆ ಹೋಗಿ ಅವನನ್ನೇ ಕೇಳಿ, ಕದ್ದು ಬೀಗ ಮುರಿಯಬೇಡಿ. ಕೇಳಿದರೆ ಸಂತೋಷಪಡುವವರೇ ಹೆಚ್ಚು.

ಮೀನಾಕ್ಷಿಯ ಮಗಳಿಗೆ ಶಾಲೆಯಲ್ಲಿ ಸರಕಾರ ಕೊಟ್ಟ ಲ್ಯಾಪ್‌ಟಾಪು ಬೀರುವಿನ ಮೇಲೆ ಧೂಳು ತಿನ್ನುತ್ತಿತ್ತು. ಅದನ್ನು ತರಿಸಿಕೊಂಡೆ. ಹೊಸ ಯಂತ್ರದೊಳಗೆ ಹಳೆಯ ಯಂತ್ರದ ವೇಷ ಹಾಕುವ ತಂತ್ರಾಂಶಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಎಲ್ಲೆಲ್ಲೋ ಇರುವ ನನ್ನಂಥ ಹುಚ್ಚರು ಅವನ್ನು ಮಾಡಿ, ಕಾಪಾಡಿ, ಪುಕ್ಕಟೆ ಹಂಚುತ್ತಾರೆ. ಒಂದನ್ನು ಹಾಕಿ, ಒಳಗೆ ಬಾಲು ಅವರ ಪ್ರತಿಯನ್ನು ಓಡಿಸಿದೆ. ತೆರೆದ ಕ್ಷಣವೇ ಸತ್ತುಬಿತ್ತು. ಇನ್ನೊಂದು ವೇಷ ಹಾಕಿದೆ, ಸತ್ತಿತು. ತಲೆ ಕೆಟ್ಟು ಗೊಬ್ಬರವಾಯಿತು. ದೀಪಾವಳಿ ಹತ್ತಿರ ಬರುತ್ತಿತ್ತು, ಅವಿನಾಶಿಯಲ್ಲಿ ಆ ತಾಯಿ ಮಲಗಿದ್ದ ಕಡೆಯೇ ಮಲಗಿದ್ದರು. ಮೀನಾಕ್ಷಿ ದಿನಾ ಫೋನು ಮಾಡಿ "ಆಯ್ತಾ ಮೇಡಂ?" ಎನ್ನುವಳು. ಇನ್ನೆರಡು ದಿನ ಎನ್ನುತ್ತಿದ್ದೆ.

ಕೊನೆಗೆ ಬಾಲು ಅವರಿಗೇ ಫೋನು ಮಾಡಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ನಕ್ಕುಬಿಟ್ಟರು. ಶುರುವಾಗುವಾಗ ಆ ತಂತ್ರಾಂಶ ಕಂಪ್ಯೂಟರು ಎಷ್ಟು ವೇಗದ್ದೆಂದು ಎಣಿಸಿ ನೋಡುತ್ತದಂತೆ. "ಇಷ್ಟು ವೇಗದ ಕಂಪ್ಯೂಟರ್ ಬರುತ್ತೆ ಅಂತ ನಾನು ಕನಸಲ್ಲೂ ಎಣಿಸಿರಲಿಲ್ಲ ಮೇಡಂ. ಲೆಕ್ಕ ಅದರ ಕೈ ಮೀರಿ ಹೋಗ್ತಿದೆ. ನಿಧಾನ ಮಾಡಿ ನೋಡಿ." ಜನ ಕಂಪ್ಯೂಟರು ವೇಗವಾಗಲೆಂದು ನನ್ನನ್ನು ಕರೆಯುತ್ತಿದ್ದರು. ಅದೇ ಮೊದಲ ಬಾರಿಗೆ ಒಂದು ಯಂತ್ರದ ಕಾಲಿಗೆ ನಾನೇ ಹಗ್ಗ ಕಟ್ಟಿದೆ. ವೇಷದ ತಂತ್ರಾಂಶದಲ್ಲಿ ವೇಗ ಇಳಿಸುವ ಅನುಕೂಲ ಇತ್ತು. ಇಳಿಸುತ್ತ, ಇಳಿಸುತ್ತ ಬಂದೆ. ಒಂದು ಹಂತದಲ್ಲಿ ಪರದೆಯ ಮೇಲೆ ವಿನ್ಯಾಸ ಬರೆಯುವ ಚೌಕಳಿ ಹಾಳೆ ತೆರೆದು ನಿಂತಿತು. ಆಫೀಸಿನಲ್ಲಿ ಕೂತು "ಬಂತು! ಬಂತು!" ಎಂದು ಕೂಗಿದೆ. ನಟರಾಜನ್ ಸಾರ್ ಬನ್ನು ಹಿಡಿದುಕೊಂಡೇ ಓಡಿ ಬಂದರು.

ಇನ್ನೊಂದು ತೊಡಕು ಉಳಿದಿತ್ತು. ತೂತು ಹೊಡೆಯುವ ಯಂತ್ರ ನೆಗಮಂನಲ್ಲೇ ಇರುತ್ತದೆ, ಅದನ್ನು ನಡೆಸಲು ಹಳೆಯ ಕಂಪ್ಯೂಟರೇ ಬೇಕು. ಮೀನಾಕ್ಷಿ ಅವಿನಾಶಿಯಿಂದ ಕಳಿಸಿದ ಚಿತ್ರ ಅದರೊಳಗೆ ಹೋಗುವುದು ಹೇಗೆ? ಆ ಕಂಪ್ಯೂಟರಿಗೆ ಪೆನ್‌ಡ್ರೈವ್ ಎಂದರೆ ಏನೆಂದೇ ಗೊತ್ತಿಲ್ಲ, ಅದು ಹುಟ್ಟಿದ ಮೇಲೆ ಬಂದ ವಸ್ತು. ಒಳಗಿನ ಚಿಪ್‌ನ ಹೆಸರು ಹಿಡಿದು ಹುಡುಕಿ, ಯಾರೋ ಪುಣ್ಯವಂತರು ಉಳಿಸಿಟ್ಟಿದ್ದ ಒಂದು ಡ್ರೈವರನ್ನು ತಂದು ಹಾಕಿದೆ. ಮೀನಾಕ್ಷಿ ಚಿತ್ರವನ್ನು ಫೋನಿಗೆ ಕಳಿಸುವುದು, ಅವಳ ಗಂಡ ರಾಮಲಿಂಗಂ ಅದನ್ನು ಪೆನ್‌ಡ್ರೈವಿಗೆ ಹಾಕಿ ಅಟ್ಟೆ ಹೊಡೆಯುವುದು ಎಂದು ಏರ್ಪಾಟಾಯಿತು. ರಾಮಲಿಂಗಂಗೆ ಕಲಿಸುವಾಗ ನನ್ನ ರಕ್ತದೊತ್ತಡ ಏರಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಸೌಡಮ್ಮ ಸುಲಭಕ್ಕೆ ಒಪ್ಪುವವರಲ್ಲ. ಲ್ಯಾಪ್‌ಟಾಪಿನಲ್ಲಿ ಬರೆದ ಒಂದು ಅಂಚನ್ನು ಅಟ್ಟೆ ಹೊಡೆಸಿ, ಮಗ್ಗಕ್ಕೆ ಏರಿಸಿ, ಗೇಣುದ್ದ ನೇಯಿಸಿದರು. ಬಟ್ಟೆಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮೀನಾಕ್ಷಿ ಗೋಡೆಗೆ ಒರಗಿ ನಿಂತಿದ್ದಳು.

"ಸರಿ" ಎಂದರು ಸೌಡಮ್ಮ. "ನಾಳೆ ಬೆಳಗ್ಗೆ ಬಸ್ಸಿಗೆ ಓಗು. ಡಿಸೈನ್ ಮಾತ್ರ ತಪ್ಪಾಮೆ ಕಳ್ಸು."

ಮೀನಾಕ್ಷಿ ನನ್ನ ಎರಡೂ ಕೈ ಹಿಡಿದುಕೊಂಡಳು. ನನ್ನ ಕಣ್ಣು ತುಂಬಿಬಂತು.

ಅವಳು ಹೋಗಿ ವಾರದ ಮೇಲಾಯಿತು. ತೊಂದರೆ ಇದ್ದರೆ ಫೋನು ಮಾಡು ಎಂದು ಹೇಳಿದ್ದೆ, ಒಂದೂ ಬರಲಿಲ್ಲ. ನಮ್ಮ ಕಸುಬಿನಲ್ಲಿ ಫೋನು ಬರದಿದ್ದರೆ ಒಳ್ಳೆಯದೆಂದೇ ಅರ್ಥ. ಆದರೂ ಮನಸ್ಸು ತಡೆಯದೆ ನಾನೇ ಮಾಡಿದೆ.

"ಹೇಗೆ ಓಡ್ತಿದೆಯಮ್ಮಾ?"

"ನಿಜ ಹೇಳ್ಬಿಡ್ತೀನಿ ಮೇಡಂ, ಬಯ್ಬೇಡಿ. ಬಂದ ಮೇಲೆ ಅದ್ನ ಪೈಯಿಂದ ಎತ್ತೇ ಇಲ್ಲ. ಅವ್ವಂಗೆ ತಲೆ ಬಾಚ್ತೀನಿ, ಗಂಜಿ ಕುಡ್ಸ್ತೀನಿ, ಅವ್ಳು ಪಳೇ ಕತೆ ಹೇಳ್ತಾಳೆ, ಕೇಳ್ತಾ ಕೂರ್ತೀನಿ. ದಿನಾ ನಾಳೆ ಬರೀತೀನಿ, ನಾಳೆ ಬರೀತೀನಿ ಅಂತ… ಅತ್ತೆ ಕೇಳುದ್ರೆ ಏನ್ ಸೊಲ್ಲಲಿ?"

ನಾನು ಅಷ್ಟು ಬೆವರು ಹರಿಸಿ ಓಡುವಂತೆ ಮಾಡಿದ್ದ ಯಂತ್ರ ಚೀಲದಲ್ಲಿ ಮಲಗಿದೆ ಎಂದು ಕೇಳಿ, ಯಾಕೋ, ಅದು ಓಡಿದ್ದಕ್ಕಿಂತ ಹೆಚ್ಚು ಸಮಾಧಾನವಾಯಿತು. "ಈಗೇನೂ ಹೇಳಬೇಡ, ಅಮ್ಮನ್ನ ನೋಡ್ಕೋ" ಎಂದು ಫೋನು ಇಟ್ಟೆ.

ಅಂದು ಸಂಜೆಯೇ ಸೌಡಮ್ಮನವರ ಫೋನು ಬಂತು. ಹಿಂದೆ ಮಗ್ಗದ ಸದ್ದು ಕೇಳುತ್ತಿತ್ತು.

"ಅಮ್ಮಣಿ, ಡಿಸೈನ್ ಒಂದೂ ವರಲ್ಲ. ನನ್ ಮಗ ಕೂಗಿ ಕತ್ತಾಡ್ತಾವ್ನೆ. ಮಿಷಿನ್ ಕೆಟ್ಟೋಯ್ತಾ?"

ಕೆಟ್ಟಿದೆ ಎಂದುಬಿಡಬಹುದಿತ್ತು. ಆದರೆ ಜೀವಮಾನವೆಲ್ಲ ಕೆಡದ ಯಂತ್ರವನ್ನು ಕೆಟ್ಟಿದೆ ಎಂದವಳಲ್ಲ ನಾನು.

"ಇಲ್ಲಮ್ಮಾ, ಯಂತ್ರ ಚೆನ್ನಾಗಿದೆ. ಮೀನಾಕ್ಷಿ ಅದನ್ನ ತೆಗೆದಿಲ್ಲ. ತಾಯಿ ಪಕ್ಕದಲ್ಲಿ ಕೂತಿದ್ದಾಳೆ, ಅಷ್ಟೇ."

ಈಗ ಬೈಗುಳ ಸುರಿಯುತ್ತದೆ ಎಂದು ಕಾದೆ.

"ನಮ್ಮವ್ವ ಸತ್ತೋದಾಗ ನಾನು ಮಗ್ಗದ ಗುಂಡಿಲಿದ್ದೆ, ಅಮ್ಮಣಿ" ಎಂದರು ಸೌಡಮ್ಮ. ದನಿ ಬೇರೆಯಾಗಿತ್ತು. "ಆಳ್ ಬಂದು ಸೊಲ್ಲಿದ, ಎದ್ದು ಬಾ, ಉಸ್ರು ಇಳೀತಾ ಇದೆ ಅಂತ. ನಮ್ಮತ್ತೆ, ನೇಯ್ತಿರೋ ಸೇಲೆ ಮುಗ್ಸಿ ಓಗು ಅಂದ್ಲು. ಮುಗ್ಸಿ ಓದೆ. ಓಗೊಷ್ಟರಲ್ಲಿ ಎತ್ಬಿಟ್ಟಿದ್ರು. ಮೊಗ ಕೂಡ ಪಾಕ್ಕಲೆ, ಕಣ್ಣಾರೆ ನೋಡಕ್ ಆಗ್ಲಿಲ್ಲ."

ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

"ನೀನು ಮೀನಾಕ್ಷಿಗೆ ಏನೂ ಸೊಲ್ಬೇಡ. ಮಿಷಿನ್ ರಿಪೇರಿಲಿದೆ ಅಂತ ನನ್ ಮಗನ್ಗೆ ನಾನೇ ಹೇಳ್ತೀನಿ. ಅವ್ನು ಫೋನ್ ಮಾಡುದ್ರೆ ನೀನೂ ಅದ್ನೇ ಹೇಳು."

"ಆಗ್ಲಿ ಅಮ್ಮಾ. ರಿಪೇರಿಗೆ ಎಷ್ಟು ದಿನ ಬೇಕು ಅಂತ ಕೇಳಿದ್ರೆ?"

"ಅವ್ಳವ್ವ ಎದ್ದು ನಡೀಲಿ, ಅಪ್ಪುರಂ ನೋಡೋಣ" ಎಂದು ಸೌಡಮ್ಮ ಫೋನು ಇಟ್ಟರು.